ಎರಕದ ಬೀದಿ

ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಮಗಳ ಡಬ್ಬಿಗೆ ಚಪಾತಿ ಸುತ್ತಿಟ್ಟು, ಉಂಡೆಗೆಂದು ಬೆಲ್ಲದ ಪಾಕ ಇಟ್ಟಿದ್ದೆ. ಭದ್ರಾವತಿಯಿಂದ ಅಣ್ಣನ ಫೋನ್ ಬಂತು. "ಪುಟ್ಟಿ, ಇವತ್ತು ಶೆಡ್ ಖಾಲಿ ಮಾಡ್ತಿದೀನಿ. ಅಪ್ಪನ ಮರದ ಅಚ್ಚೆಲ್ಲ ಬೇಕರಿಯವ್ರು ಒಲೆಗೆ ಒಯ್ತಾರೆ. ನೋಡ್ಬೇಕಂದ್ರೆ ಮಧ್ಯಾಹ್ನದೊಳಗೆ ಬಾ." ಅಷ್ಟರಲ್ಲಿ ಪಾಕ ತಳ ಹಿಡಿಯಿತು. ಆ ಸುಟ್ಟ ಸಿಹಿ ವಾಸನೆಗೆ ಸ್ಟವ್ ಆರಿಸುವುದನ್ನೂ ಮರೆತು ನಿಂತುಬಿಟ್ಟೆ.

ಭದ್ರಾವತಿಯ ನಮ್ಮ ಬೀದಿಗೆ ಅದೇ ವಾಸನೆಯಿತ್ತು. ಎರಕದ ಮರಳು ಗಟ್ಟಿಯಾಗಲೆಂದು ಕಬ್ಬಿನ ಕಾಕಂಬಿ ಕಲೆಸಿ ಬೇಯಿಸುತ್ತಿದ್ದರು. ದೊಡ್ಡ ಕಾರ್ಖಾನೆಗೆ ಬೇಕಾದ ಬಿಡಿಭಾಗಗಳಿಗಾಗಿಯೇ ಹುಟ್ಟಿದ ಬೀದಿ ಅದು. ಅಪ್ಪ ಸಾಗುವಾನಿಯಲ್ಲಿ ಅಚ್ಚು ಕೆತ್ತುತ್ತಿದ್ದರು. ಪಕ್ಕದ ಶೆಡ್ಡಿನ ಮುರುಗೇಶಣ್ಣ ಅದನ್ನು ಮರಳಿಗೆ ಒತ್ತಿ ಕಬ್ಬಿಣ ಹೊಯ್ಯುತ್ತಿದ್ದ. ಎದುರಿನ ಲೇತ್‌ನವರು ಆ ಎರಕವನ್ನು ಕಡೆದು ನುಣುಪು ಮಾಡುತ್ತಿದ್ದರು. ಎಲ್ಲರೂ ಕೂಗಿದರೆ ಕೇಳುವಷ್ಟು ದೂರದಲ್ಲಿ. ಹೊಸಬರು ಶೆಡ್ ಹಾಕಿದರೆ ಅಮ್ಮನಿಗೆ ಆತಂಕ, ಅಪ್ಪನಿಗೆ ಸಂತೋಷ. "ಇನ್ನೊಬ್ಬ ಬಂದ್ರೆ ಕೆಲಸ ಹಂಚಿ ಹೋಗಲ್ಲ ಕಣೇ, ನಮ್ಮನ್ನೇ ಹುಡುಕ್ಕೊಂಡು ಬರುತ್ತೆ." ಎರಕದ ದಿನ ಬೀದಿಯವರೆಲ್ಲ ಸ್ವಂತ ಕೆಲಸ ಬದಿಗಿಟ್ಟು ಕೈಜೋಡಿಸುತ್ತಿದ್ದರು. ಅಮ್ಮ ಬಿಂದಿಗೆ ತುಂಬ ಮಜ್ಜಿಗೆ ಕಳಿಸುತ್ತಿದ್ದಳು. "ಅಕ್ಕಾ, ಇದು ಮಜ್ಜಿಗೇನಾ, ಭದ್ರಾ ನಾಲೆ ನೀರಾ?" ಎಂದು ಛೇಡಿಸುತ್ತಲೇ ಮುರುಗೇಶಣ್ಣ ಇನ್ನೊಂದು ಲೋಟ ಒಡ್ಡುತ್ತಿದ್ದ. ಒಮ್ಮೆ ನನ್ನ ಸ್ಕೇಲ್ ಕಳೆದುಹೋಗಿ, ಅಪ್ಪನ ಉಕ್ಕಿನ ಪಟ್ಟಿಯನ್ನೇ ಕಾನ್ವೆಂಟಿಗೆ ಒಯ್ದಿದ್ದೆ. ನಾನೆಳೆದ ಪ್ರತಿ ಗೆರೆಗೂ ಸಿಸ್ಟರ್ ತಪ್ಪು ಹಾಕಿದರು. ಅಳುತ್ತ ಬಂದವಳನ್ನು ಅಪ್ಪ ಮರದ ಹೊಟ್ಟು ಮೆತ್ತಿದ ತೊಡೆಯ ಮೇಲೆ ಕೂರಿಸಿಕೊಂಡರು. "ಕಬ್ಬಿಣ ಆರಿದ್ಮೇಲೆ ಕುಗ್ಗುತ್ತೆ ಮಗಳೇ. ಅದಕ್ಕೇ ನಮ್ಮ ಪಟ್ಟಿಲಿ ಇಂಚೇ ಒಂಚೂರು ಉದ್ದ ಇರುತ್ತೆ. ನಿನ್ನ ಸಿಸ್ಟರಿಗೆ ಎರಕದ ಲೆಕ್ಕ ಗೊತ್ತಿಲ್ಲ ಬಿಡು."

ಹನ್ನೊಂದರ ಬಸ್ಸಿಗೆ ಹೋದೆ. ಕಾರ್ಖಾನೆಯ ಕೆಲಸ ಕಡಿಮೆಯಾದಾಗ ಮೊದಲು ಹೋದವರು ಲೇತ್‌ನವರು. ಹೋದ ವಾರ ಮುರುಗೇಶಣ್ಣನ ಮಗನೂ ಎರಕದ ಶೆಡ್ಡಿಗೆ ಬೀಗ ಹಾಕಿದ್ದಾನೆ. ಅಪ್ಪನ ನಂತರ ಶೆಡ್ ನಡೆಸುತ್ತಿದ್ದ ಅಣ್ಣನ ಮೇಜಿನ ಮೇಲೆ ಪಂಪಿನ ಅಚ್ಚೊಂದು ಅರ್ಧ ಕೆತ್ತಿದಂತೆಯೇ ಇತ್ತು.

"ಆರ್ಡರ್ ಇದೆಯಲ್ಲೋ ಅಣ್ಣ. ಒಂದು ತಿಂಗಳು ತಡಿ," ಎಂದೆ.

"ಅಚ್ಚು ಮಾಡಿ ಯಾರ ಕೈಗೆ ಕೊಡ್ಲಿ ಮಾರಾಯ್ತಿ? ಹೊಯ್ಯೋರು ಎಲ್ಲಿದಾರೆ?"

"ಶಿವಮೊಗ್ಗದಲ್ಲಿ ಫೌಂಡ್ರಿಗಳಿಲ್ವಾ?"

"ಅವ್ರಿಗೆ ಕಂಪ್ಯೂಟರಲ್ಲಿ ಕೊರೆದ ಅಚ್ಚು ಬರುತ್ತೆ. ನನ್ನ ಉಳಿ ನೋಡಿ ನಗ್ತಾರೆ." ಅರ್ಧ ಕೆತ್ತಿದ ಅಚ್ಚಿನ ಮೇಲೆ ಕೈಯಾಡಿಸಿ, "ಐವತ್ತೆರಡಾಯ್ತು ಪುಟ್ಟಿ. ನಂಗೆ ಬೇರೇನೂ ಬರಲ್ಲ," ಎಂದ.

ಗಾಲಿ, ಕವಾಟ, ಹಲ್ಲುಚಕ್ರಗಳ ಅಚ್ಚು, ಅಪ್ಪ ಕೆಂಪು ಬಣ್ಣ ಬಳಿದು ಹಿಂಬದಿಯಲ್ಲಿ ದುಂಡಗೆ ಹೆಸರು ಬರೆದಿಟ್ಟಿದ್ದ ಒಂದೊಂದನ್ನೂ ಬೇಕರಿಯವರು ಗಾಡಿಗೆ ಎಸೆಯುತ್ತಿದ್ದರು. ಒಂದನ್ನು ತಡೆದು ಎದೆಗೊತ್ತಿಕೊಂಡೆ. ಅಣ್ಣ ಮೆಲ್ಲನೆ ನನ್ನ ಕೈಯಿಂದ ಬಿಡಿಸಿ, ತಾನೇ ಗಾಡಿಯೊಳಗೆ ಇಟ್ಟ. ಎಸೆಯಲಿಲ್ಲ.

ಸಂಜೆ ಶಿವಮೊಗ್ಗಕ್ಕೆ ಮರಳಿ ಗೇಟಿನ ಚಿಲಕ ತೆಗೆಯುವಾಗ, ಪಕ್ಕದ ಮನೆಯ ಶಾರದಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದರು.

"ಭದ್ರಾವತಿಗೆ ಹೋಗಿದ್ರಾ? ಅಲ್ಲೇ ಒಂದು ಸೈಟ್ ನೋಡೋಣ ಅಂತಿದಾರೆ ನಮ್ಮೆಜಮಾನ್ರು. ಈಗ ಸದ್ದಿಲ್ಲ, ಹೊಗೆಯಿಲ್ಲ, ತುಂಬಾ ಚೆನ್ನಾಗಾಗಿದೆಯಂತಲ್ರೀ ಊರು."