ತೇಲದ ಕರಿ ಬಿಲ್ಲೆ

ಆಕೆ ಘನವಸ್ತುಗಳ ರಸಾಯನಶಾಸ್ತ್ರದ ಸಂಶೋಧಕಿ. ನೀರಿನಲ್ಲಿ ಸಕ್ಕರೆ ಕರಗಿದಷ್ಟು ಸುಲಭವಾಗಿ ಘನವಸ್ತುಗಳು ಒಂದರೊಳಗೊಂದು ಬೆರೆಯುವುದಿಲ್ಲ. ಅರೆಯಬೇಕು, ಕುಲುಮೆಯಲ್ಲಿ ಕಾಯಿಸಬೇಕು, ತೆಗೆದು ಮತ್ತೆ ಅರೆಯಬೇಕು. ಹಾಗೆ ಮಾಡಿದ ಕರಿ ಬಿಲ್ಲೆಯೊಂದನ್ನು ದ್ರವ ಸಾರಜನಕದಲ್ಲಿ ತಣಿಸಿದರೆ ಅದು ಅಯಸ್ಕಾಂತದ ಮೇಲೆ ಗಾಳಿಯಲ್ಲೇ ತೇಲುತ್ತದೆ. ಅದನ್ನು ತೋರಿಸಲೆಂದು ಅಮ್ಮನನ್ನೂ, "ಪುಡಿ ಅರೆಯೋಕೆ ಇಷ್ಟೊಂದು ಓದಬೇಕಿತ್ತಾ?" ಎಂದು ಸದಾ ಕಾಲೆಳೆಯುತ್ತಿದ್ದ ಭಾವನನ್ನೂ ಪ್ರಯೋಗಾಲಯಕ್ಕೆ ಕರೆತಂದಳು.

ಬಿಲ್ಲೆ ಅಯಸ್ಕಾಂತದ ಮೇಲೆ ಸುಮ್ಮನೆ ಕೂತುಬಿಟ್ಟಿತು. ಕಾಯಿಸಿದ ಮೇಲೆ ಕುಲುಮೆಯೊಳಗೇ ಆಮ್ಲಜನಕದಲ್ಲಿ ನಿಧಾನವಾಗಿ ಆರಬೇಕಿದ್ದ ಬಿಲ್ಲೆಯನ್ನು, ಇವರು ಬರುವ ಹೊತ್ತಾಯಿತೆಂದು ಅವಳೇ ಅವಸರದಲ್ಲಿ ಹೊರತೆಗೆದಿದ್ದಳು.

ಭಾವ ಮುಸಿಮುಸಿ ನಕ್ಕರು. ಅಮ್ಮ ಮಗಳ ಬೆನ್ನು ಸವರುತ್ತ, "ಇನ್ನೂ ಸ್ವಲ್ಪ ಅರೀಬೇಕಿತ್ತೇನೋ ಕಣೇ," ಎಂದಳು.

"ಇದೇನು ಅಡುಗೆಮನೇನಾ? ಗೊತ್ತಿಲ್ಲದ್ದಕ್ಕೆಲ್ಲ ಬಾಯಿ ಹಾಕಬೇಡ!" ಎಂದು ಮಗಳು ಸಿಡುಕಿದಳು.

ಭಾವನ ನಗು ನಿಂತಿತು. ಅಮ್ಮ ಕೈ ಹಿಂದೆಗೆದುಕೊಂಡು, ಕೈಚೀಲವನ್ನು ಎದೆಗವಚಿ ಬಾಗಿಲ ಬಳಿ ಹೋಗಿ ನಿಂತಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಮಗಳಿಗೆ. ಆದರೂ ಕ್ಷಮೆ ಕೇಳಲು ನಾಲಿಗೆ ಏಳಲಿಲ್ಲ.

ಮುಂದಿನ ವಾರ ಹೊಸ ಬಿಲ್ಲೆಯನ್ನು ಕುಲುಮೆಯಲ್ಲೇ ಸಾವಕಾಶವಾಗಿ ಆರಲು ಬಿಟ್ಟಳು. ಅದು ತೇಲಿತು. ಕೂಡಲೇ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಅವತ್ತು ನಾನು ಹಾಗೆ ಮಾತಾಡಬಾರದಿತ್ತು. ತಪ್ಪಾಯ್ತು. ಬಿಲ್ಲೆ ಇವತ್ತು ತೇಲಿತು."

"ಸದ್ಯ! ಅಕ್ಕಪಕ್ಕದವರಿಗೆಲ್ಲ ಅವತ್ತೇ ತೇಲಿತು ಅಂತ ಹೇಳ್ಬಿಟ್ಟಿದ್ದೆ ಕಣೇ."

ಮಗಳ ಮುಖವೆಲ್ಲ ಬಿಸಿಯಾಗಿ, ಫೋನ್ ಹಿಡಿದೇ ತಲೆ ತಗ್ಗಿಸಿ ನಿಂತಳು.