ಒಂದು ನಂಬರ್, ಎರಡು ಒಲೆ

ಜಹೀರಾಬಾದಿನ ನಮ್ಮ ಮನೆಯ ಮೇಲಿನ ಮೂರು ಕೋಣೆಗಳನ್ನು ದಿನದ ಬಾಡಿಗೆಗೆ ಕೊಡಲು ನಾನು ಪಡೆದ ಲೈಸೆನ್ಸು ಕಟ್ಟು ಹಾಕಿಸಿಕೊಂಡು ಮೆಟ್ಟಿಲ ಬಳಿ ನೇತಾಡುತ್ತಿದೆ. ಲಾತೂರಿನ ಕಡೆಯ ಡ್ರೈವರ್ ಒಬ್ಬ ದೇವರ ಫೋಟೋ ಎಂದುಕೊಂಡು ಅದಕ್ಕೆ ಕೈ ಮುಗಿದಿದ್ದ. ನಾನು ತಡೆಯಲಿಲ್ಲ. ಆ ಕಾಗದಕ್ಕಾಗಿ ನಾನು ಮುಗಿದಷ್ಟು ಕೈಯನ್ನು ಯಾವ ದೇವರಿಗೂ ಮುಗಿದವನಲ್ಲ.

ಒಂದು ವರ್ಷ ಓಡಾಡಿದೆ. ಅಪ್ಪನ ಮನೆಪತ್ರ ಉರ್ದುವಿನಲ್ಲಿತ್ತು, ಮುನ್ಸಿಪಾಲ್ಟಿಯ ಅರ್ಜಿ ತೆಲುಗಿನಲ್ಲಿ, ನನ್ನ ಬೈಗುಳ ಕನ್ನಡದಲ್ಲಿ. ವಾಸದ ಮನೆಯ ಟ್ಯಾಕ್ಸು ಹೋಗಿ ಅಂಗಡಿಯ ಟ್ಯಾಕ್ಸು ಬಿತ್ತು, ಕರೆಂಟಿನ ಮೀಟರ್ ಬದಲಾಯಿತು. ಬೆಂಕಿ ಆರಿಸುವ ಇಲಾಖೆಯವರು ಮೆಟ್ಟಿಲಲ್ಲಿ ಮರಳಿನ ಬಕೆಟ್ ಇಡಿಸಿದರು. ಅದರಲ್ಲಿ ಇವತ್ತಿನವರೆಗೂ ಗಿರಾಕಿಗಳು ಗುಟ್ಕಾ ಉಗುಳುವುದು ಬಿಟ್ಟರೆ ಬೇರೇನೂ ಆಗಿಲ್ಲ. ಕೊನೆಗೆ ಪೊಲೀಸ್ ಠಾಣೆಯವರು ಒಂದು ರಿಜಿಸ್ಟರ್ ಇಡಲು ಹೇಳಿದರು. ಬಂದವರ ಹೆಸರು, ಕಾಯಂ ವಿಳಾಸ, ಎಲ್ಲಿಗೆ ಹೋಗುವವರು, ಯಾಕೆ ಬಂದರು, ಎಲ್ಲ ಬರೆಯಬೇಕು. ಒಬ್ಬರನ್ನು ಬಿಟ್ಟರೂ ಲೈಸೆನ್ಸ್ ರದ್ದು.

ಇಷ್ಟೆಲ್ಲ ಆಗಬೇಕಾದರೆ ಮೊದಲು ಮನೆ ನಂಬರ್ ನನ್ನ ಹೆಸರಿಗೆ ಆಗಬೇಕಿತ್ತು. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದರೆ ಒಲೆ ಬೇರೆ ಮಾಡುತ್ತಾರೆ, ಅಷ್ಟೆ. ಅಪ್ಪ ಹೋದ ಮೇಲೆ ನಾವೂ ಹಾಗೇ ಮಾಡಿದ್ದೆವು. ಅವ್ವ ತನ್ನ ಒಲೆಯ ಕೆಂಡವನ್ನು ಇಕ್ಕಳದಲ್ಲಿ ಹಿಡಿದು ವೈನಿಗೆ, ಅಂದರೆ ನಮ್ಮ ಅಣ್ಣನ ಹೆಂಡತಿಗೆ, ಕೊಟ್ಟಳು. ವೈನಿ ಕೆಳಗೆ ತನ್ನ ಒಲೆ ಹೊತ್ತಿಸಿದಳು. ಐದು ಮಂದಿ ಹಿರಿಯರು ಚಹಾ ಕುಡಿದು ಪಾಲಾತು ಅಂದರು. ಕೆಳಗಿನದು ಅಣ್ಣನದು, ಮೇಲಿನದು ನನ್ನದು. ಕಾಗದ ಯಾರೂ ಮಾಡಲಿಲ್ಲ. ಒಲೆ ಎರಡಾದರೂ ಮುನ್ಸಿಪಾಲ್ಟಿಯ ಪುಸ್ತಕದಲ್ಲಿ ನಂಬರ್ ಒಂದೇ ಉಳಿಯಿತು.

ಆಮೇಲೆ ಅಣ್ಣ ತೀರಿಕೊಂಡ. ನಂಬರ್ ನನ್ನ ಹೆಸರಿಗೆ ಆಗಲು ವೈನಿಯ ಒಪ್ಪಿಗೆ ಪತ್ರ ಬೇಕು ಎಂದರು. ಪತ್ರ ತೆಗೆದುಕೊಂಡು ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈಯ ಹಿಟ್ಟು ಒರೆಸಿಕೊಂಡು, "ಎಲ್ಲಿ ಮಾಡ್ಬೇಕು ಹೇಳು ತಮ್ಮಾ, ನನಗೇನ್ ತೆಲುಗು ಓದಾಕ ಬರ್ತದ?" ಎಂದು ಸಹಿ ಹಾಕಿದಳು. ನನಗೂ ಒಂದು ರೊಟ್ಟಿ ಹಾಕಿಕೊಟ್ಟಳು. ತಿಂದು ಬಂದೆ.

ಲೈಸೆನ್ಸ್ ಬಂದು ಆರು ತಿಂಗಳಿಗೆ ವೈನಿ ತನ್ನ ಮುಂದಿನ ಎರಡು ಕೋಣೆಗಳನ್ನು ದಿನದ ಬಾಡಿಗೆಗೆ ಕೊಡತೊಡಗಿದಳು. ಕೇಳಿದರೆ, ಬದುಕಬೇಕಲ್ಲ ಎಂದಳು. ನ್ಯಾಲ್ಕಲ್ ಕಡೆ ಜಮೀನು ಅಳೆಯಲು ಬಂದ ಸರ್ವೇಯವರು, ಕಾರ್ಖಾನೆಗೆ ಹತ್ತು ದಿನದ ಕೆಲಸಕ್ಕೆ ಬಂದ ಮೆಕ್ಯಾನಿಕ್ಕುಗಳು ಮೆಟ್ಟಿಲು ಹತ್ತದೆ ಅಲ್ಲೇ ನಿಲ್ಲತೊಡಗಿದರು. ಅವಳ ಬಳಿ ಲೈಸೆನ್ಸ್ ಇರಲಿಲ್ಲ, ರಿಜಿಸ್ಟರ್ ಇರಲಿಲ್ಲ, ಮರಳಿನ ಬಕೆಟ್ಟೂ ಇರಲಿಲ್ಲ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇದ್ದವು. ನಾನು ಮೇಲೆ ಕೂತು ಖಾಲಿ ಕೋಣೆಗಳ ಟ್ಯಾಕ್ಸು ಕಟ್ಟುತ್ತ ಆ ರೊಟ್ಟಿಯ ಸಪ್ಪಳ ಕೇಳುತ್ತಿದ್ದೆ. ಹೊಟ್ಟೆಯಲ್ಲಿ ಉರಿ. ಅದನ್ನು ನಾನು ನ್ಯಾಯ ಎಂದು ಕರೆದುಕೊಂಡೆ.

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನಾನು ಎಣಿಸಿದ್ದಷ್ಟೇ ಅಲ್ಲ, ಬರೆದೂ ಕೊಟ್ಟೆ. ಎಷ್ಟು ಕೋಣೆ, ಎಷ್ಟು ಮಂಚ, ವಾರಕ್ಕೆ ಎಷ್ಟು ಜನ. ಮುನ್ಸಿಪಾಲ್ಟಿಯಲ್ಲಿ ನನ್ನನ್ನು ವರ್ಷವಿಡೀ ನಿಲ್ಲಿಸಿದ್ದ ಗುಮಾಸ್ತ ಆವತ್ತು ಕುರ್ಚಿ ಕೊಟ್ಟ.

ನಾಲ್ಕನೆಯ ದಿನ ಬಿಲ್ ಕಲೆಕ್ಟರ್ ಬಂದ. ಕೆಟ್ಟ ಮನುಷ್ಯನಲ್ಲ. ಕೆಳಗಿನ ಕೋಣೆಗಳನ್ನು ನೋಡಿ ನನ್ನ ಬಳಿ ಹತ್ತಿ ಬಂದು ಒಂದು ದಾರಿ ಹೇಳಿದ. ಮನೆ ನಂಬರ್ ಒಂದೇ, ಮಾಲೀಕರು ನೀವೇ. ‘ಈ ಎರಡು ಕೋಣೆಗಳೂ ನನ್ನ ಲೈಸೆನ್ಸಿಗೆ ಸೇರಿದವು’ ಎಂದು ಒಂದು ಸಾಲು ಬರೆದು ಸಹಿ ಹಾಕಿ, ಸ್ವಲ್ಪ ಫೀಸು ಬೀಳುತ್ತದೆ, ಇಲ್ಲಿಗೇ ಮುಗಿಸೋಣ ಎಂದ. ಪೆನ್ನನ್ನೂ ಅವನೇ ತೆಗೆದುಕೊಟ್ಟ.

ಅವಳ ಒಲೆ ಬೇರೆ, ನನಗೆ ಸಂಬಂಧವಿಲ್ಲ ಎಂದೆ.

ಹಾಗಾದರೆ ಕೋಣೆಗಳಿಗೆ ಸೀಲ್ ಬೀಳುತ್ತದೆ ಎಂದ. ಬೀಳಲಿ ಎಂದೆ. ಒಂದು ವಿಷಯ ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಒಲೆ ಬೇರೆ ಮಾಡಿದಾಗ ಹಿತ್ತಲ ಬಾಗಿಲನ್ನು ಮುಚ್ಚಿ ಗೋಡೆ ಕಟ್ಟಿದ್ದೆವು. ವೈನಿ ತನ್ನ ಅಡುಗೆಮನೆಗೆ ಹೋಗಬೇಕಾದರೆ ಆ ಮುಂದಿನ ಕೋಣೆಗಳನ್ನು ದಾಟಿಯೇ ಹೋಗಬೇಕು. ಅವಳು ಮಲಗುತ್ತಿದ್ದದ್ದೂ ಆ ಅಡುಗೆಮನೆಯಲ್ಲೇ. ಹೇಳಲು ಬೇಕಾದಷ್ಟು ಹೊತ್ತಿತ್ತು. ಬಿಲ್ ಕಲೆಕ್ಟರ್ ಪೂರ್ತಿ ಒಂದು ಚಹಾ ಕುಡಿದ, ನಾನು ಮಳೆಯ ವಿಚಾರ ಮಾತಾಡಿದೆ.

ಮರುವಾರ ಸೀಲ್ ಹಾಕಲು ಬಂದರು. ನೋಟೀಸನ್ನು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದರು. ವೈನಿಗೆ ತೆಲುಗು ಓದಲು ಬರುವುದಿಲ್ಲ, ಕೇಳಿದರೆ ಎಲ್ಲ ತಿಳಿಯುತ್ತದೆ. ಮನೆ ಮಾಲೀಕರ ದೂರಿನ ಮೇರೆಗೆ ಎಂಬ ಮಾತು ಬಂದಾಗ ಅವಳು ತಲೆ ಎತ್ತಿ ಮೇಲೆ ನೋಡಿದಳು. ನಾನು ಮಹಡಿಯ ಕಟಾಂಜನದ ಕಂಬಿ ಹಿಡಿದುಕೊಂಡು ನಿಂತೇ ಇದ್ದೆ. ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸುಖವಾಯಿತು. ಬೀಗಕ್ಕೆ ಅರಗು ಬೀಳುವ ಮೊದಲು ಅವಳು ಒಂದು ಗಂಟು, ಇಷ್ಟಲಿಂಗದ ಪೂಜೆಯ ತಾಟು, ಒಂದು ಹಂಚು ಹೊರಗೆ ತಂದಿದ್ದಳು.

ಸಂಜೆ ಅವಳು ಗಂಟು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಜಗಳಕ್ಕೆ ಬಂದಳು ಎಂದು ಮಾತುಗಳನ್ನು ಸಜ್ಜು ಮಾಡಿಕೊಂಡೆ. ಅವಳು ಮೇಜಿನ ಮುಂದೆ ನಿಂತು ಒಂದು ರಾತ್ರಿಗೆ ಒಂದು ಕೋಣೆ ಕೇಳಿದಳು. ನ್ಯಾಲ್ಕಲ್ ಕಡೆ ತವರೂರಿಗೆ ಹೋಗುವ ಜೀಪು ಬೆಳಗ್ಗೆಯೇ ಅಂತೆ. ಸುಮ್ಮನೆ ಹೋಗಿ ಮಲಗಿರಿ ವೈನಿ ಎಂದೆ. ಅವಳು ಅಲುಗಲಿಲ್ಲ. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದಳು.

"ಬರಕೊ. ಬರೀಲಾರದ ಕೋಣಿ ಕೊಟ್ಟಿ ಅಂತ ನಾಳಿ ಮನ್ಯಾನವ್ರು ಯಾರರೆ ಕಂಪ್ಲೇಂಟ್ ಕೊಟ್ಟಾರು."

ಬರೆದುಕೊಂಡೆ. ಹೆಸರು ಹೇಳಿದಳು, ಮೂವತ್ತು ವರ್ಷದಲ್ಲಿ ಅವಳ ಹೆಸರನ್ನು ನಾನು ಬರೆದದ್ದು ಅದೇ ಮೊದಲು. ಕಾಯಂ ವಿಳಾಸ ಎಂದಾಗ ಮನೆ ನಂಬರ್ ಹೇಳಿದಳು. ರಿಜಿಸ್ಟರಿನ ರಟ್ಟಿನ ಮೇಲೆ ಅಚ್ಚಾಗಿದ್ದ ಅದೇ ನಂಬರ್. ಯಾಕೆ ಬಂದಿರಿ ಎಂಬ ಕಾಲಮ್ಮಿಗೆ ಬಂದು ನಿಂತೆ. ಅವಳು ಯೋಚಿಸಿ, "ಮನಿ ಮುಚ್ಯಾರ ಅಂತ ಬರೀ," ಎಂದಳು. ಬಾಡಿಗೆಯನ್ನು ಮೇಜಿನ ಮೇಲಿಟ್ಟು ಬೀಗದ ಕೈ ತೆಗೆದುಕೊಂಡು ಹೋದಳು.

ನಾನು ಆ ದುಡ್ಡನ್ನು ವಾಪಸ್ ಕೊಡಲಿಲ್ಲ. ಬೆಳಗ್ಗೆ ಕೊಟ್ಟರಾಯಿತು ಎಂದುಕೊಂಡೆ. ಬೆಳಗ್ಗೆ ನಾನು ಏಳುವುದರೊಳಗೆ ಬೀಗದ ಕೈ ಮೇಜಿನ ಮೇಲಿತ್ತು. ಕೋಣೆಯ ಹಾಸಿಗೆಯಲ್ಲಿ ಒಂದು ಸುಕ್ಕೂ ಬಿದ್ದಿರಲಿಲ್ಲ, ನೆಲದ ಮೇಲೆ ಮಲಗಿದ್ದಿರಬೇಕು. ಮತ್ತೆ ಅವಳು ಬರಲಿಲ್ಲ. ಕೆಳಗಿನ ಸೀಲ್ ಹಾಗೇ ಇದೆ, ಒಳಗೆ ಅವ್ವನ ಕೆಂಡದಿಂದ ಹೊತ್ತಿಸಿದ ಒಲೆ ಇದೆ.

ತಿಂಗಳಿಗೊಮ್ಮೆ ರಿಜಿಸ್ಟರ್ ನೋಡಲು ಠಾಣೆಯಿಂದ ಕಾನ್‌ಸ್ಟೇಬಲ್ ಬರುತ್ತಾನೆ. ಆ ಸಲ ಅವನ ಬೆರಳು ಆ ಸಾಲಿನ ಮೇಲೆ ನಿಂತಿತು. ಲಾಡ್ಜಿನ ವಿಳಾಸ, ಬಂದವರ ವಿಳಾಸ ಎರಡೂ ಒಂದೇ ಇವೆಯಲ್ಲ, ಇವರು ನಿಮಗೇನಾಗಬೇಕು ಎಂದು ಕೇಳಿದ.

ಗಿರಾಕಿ ಎಂದೆ. ಅವನು ಸಹಿ ಹಾಕಿ ಹಾಳೆ ತಿರುಗಿಸಿದ.