ಕಿವಿಗುರುತು ಹಾಕಿದ ಪದ

ಕಳೆದ ವಾರ ನಮ್ಮ ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬದಲಿಸಿದೆ. ಹಳೆಯದರಲ್ಲಿದ್ದದ್ದೆಲ್ಲ ಹೊಸದಕ್ಕೆ ಹೋಗಿ ಮುಗಿದ ಮೇಲೆ, ಡಬ್ಬಿಯ ಪಕ್ಕದ ತಗಡು ಬಿಚ್ಚಿ ಹಳೆಯದನ್ನು ಹೊರಗೆಳೆದಾಗ ಕಾದ ಧೂಳಿನ ವಾಸನೆ ಬಂತು. ರಾಯಚೂರಿನ ಧೂಳು ಕಾದರೆ ಹಂಚಿನ ಮೇಲೆ ಹಿಟ್ಟು ಸೀದ ಹಾಗಿರುತ್ತದೆ. ಡಿಸ್ಕು ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು. ಕೆಳಗಿಡಲು ಮನಸ್ಸಾಗಲಿಲ್ಲ. ತಣ್ಣಗಾಗುವವರೆಗೆ ಹಿಡಿದುಕೊಂಡೇ ಕೂತಿದ್ದೆ...

ಎದುರು ಮನೆಯ ಟೀಚರಮ್ಮ ನೆನಪಾಗಿದ್ದರು.

ಅವರು ದೇವದುರ್ಗದ ಕಡೆಯ ಮಸರಕಲ್‌ನವರು. ಕುರಿ ಸಾಕುವ ಮನೆತನ. ಆ ಮನೆಯಲ್ಲಿ ಮೊದಲು ಅಕ್ಷರ ಕಲಿತವರು ಅವರೇ. ದೇವದುರ್ಗ, ಮಾನ್ವಿ ಸುತ್ತಿನ ಹಳ್ಳಿಗಳಲ್ಲಿ ಶಾಲೆ ನಡೆಸಿ, ನಿವೃತ್ತರಾದ ಮೇಲೆ ರಾಯಚೂರಿನ ನಮ್ಮ ಓಣಿಗೆ ಬಂದಿದ್ದರು. ನಾನಾಗ ಹತ್ತಿ ಜಿನ್ನಿಂಗ್ ಮಿಲ್ಲೊಂದರ ಆಫೀಸಿನಲ್ಲಿದ್ದೆ. ಕಂಪ್ಯೂಟರಿನ ಮುಂದೆ ಕೂರುವವನು ಎಂಬ ಒಂದೇ ಕಾರಣಕ್ಕೆ ಅವರ ಮನೆಯ ಒಳಕೋಣೆಯವರೆಗೆ ನನಗೆ ಪ್ರವೇಶವಿತ್ತು. ಉಳಿದವರಿಗೆ ಪಡಸಾಲೆಯೇ ಗಡಿ.

ಅವರಿಗೆ ಎಲ್ಲದರ ಮೇಲೂ ಸಂಶಯ. ಹಾಲು ಹಾಕಿಸಿಕೊಂಡ ಮೇಲೆ ಹಾಲಿನವನ ಎದುರಿಗೇ ಬೆರಳು ಅದ್ದಿ ನೋಡುತ್ತಿದ್ದರು. ಹೊರಗೆ ಹೊರಟರೆ ಕಂಪ್ಯೂಟರಿನ ಕರೆಂಟು ವೈರು ಕಳಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಮೆಂತ್ಯೆ ಸೂಡಿನ ನಡುವಿನಿಂದ ಆ ವೈರು ಇಣುಕುವುದನ್ನು ನಾನೇ ಸಂತೆಯಲ್ಲಿ ನೋಡಿದ್ದೇನೆ. ಪರದೆಯ ನೆತ್ತಿಯಲ್ಲಿದ್ದ ಕ್ಯಾಮೆರಾದ ಕಣ್ಣಿಗೆ ಹಣೆಗಿಡುವ ಟಿಕಳಿ ಅಂಟಿಸಿದ್ದರು.

‘ಇದಕ್ಕೂ ಕುಂಕುಮ ಇಟ್ಟೀರೇನ್ರಿ?’ ಎಂದು ನಕ್ಕಿದ್ದೆ.

‘ಹಣಿಗಿ ಹಚ್ಚಿದ್ರ ಕುಂಕುಮಲೇ ತಮ್ಮಾ. ಕಣ್ಣಿಗಿ ಹಚ್ಚಿದ್ರ ಬೀಗ.’

ಆ ಸಂಶಯಕ್ಕೆ ಕಾರಣವಿತ್ತು. ಅವರು ತಮ್ಮ ಕಡೆಯ ಮಾತುಗಳನ್ನು ಕೂಡಿಸುತ್ತಿದ್ದರು. ಕುರಿಯ ನಡಿಗೆಗೆ, ಕಂಬಳಿ ನೆನೆಯುವ ರೀತಿಗೆ, ಮೋಡದ ಬಣ್ಣಕ್ಕೆ ತಾಯಿ, ಅಜ್ಜಿ, ಹಟ್ಟಿಯ ಹೆಂಗಸರು ಆಡುತ್ತಿದ್ದ ಪದಗಳು. ಯಾವ ಪುಸ್ತಕದಲ್ಲೂ ಸಿಗದವು. ಮಾನ್ವಿಯಲ್ಲಿದ್ದಾಗ ಮೊದಲ ಒಂದಿಷ್ಟು ಹಾಳೆಗಳನ್ನು ಟೈಪು ಮಾಡಲು ಒಬ್ಬರಿಗೆ ಕೊಟ್ಟಿದ್ದರಂತೆ. ಹಾಳೆ ವಾಪಸ್ ಬರಲಿಲ್ಲ. ಮುಂದೊಂದು ದಿನ ಬೇರೆ ಯಾರದೋ ಹೆಸರಿನಲ್ಲಿ ತೆಳ್ಳನೆಯ ಪುಸ್ತಕ ಬಂತು. ಅದರೊಳಗಿನ ಪದಗಳು ತಮ್ಮವೇ ಎಂದು ಅವರಿಗೆ ಗೊತ್ತಾದದ್ದು ಒಂದು ತಪ್ಪಿನಿಂದ. ಅವಸರದಲ್ಲಿ ಒಂದು ಪದಕ್ಕೆ ಅವರು ತಪ್ಪು ಅರ್ಥ ಬರೆದಿದ್ದರು. ಪುಸ್ತಕದಲ್ಲೂ ಅದೇ ತಪ್ಪು ಹಾಗೇ ಇತ್ತು. ಪುಸ್ತಕ ತಂದವರನ್ನು ಕೇಳಲು ಹೋದರೆ, ‘ಮಾತು ಎಲ್ಲಾರದೂ ಅಲ್ಲೇನ್ರಿ ಟೀಚರೇ?’ ಎಂದು ಚಹಾ ಕುಡಿಸಿ ಕಳಿಸಿದರಂತೆ.

ಅಂದಿನಿಂದ ಅವರು ಯಾರನ್ನೂ ನಂಬಲಿಲ್ಲ. ಕಂಪ್ಯೂಟರು ಕೊಂಡು, ತಾವೇ ಟೈಪು ಕಲಿತು, ಪದಗಳನ್ನು ನೇರ ಅದರೊಳಗೇ ತುಂಬುತ್ತ ಹೋದರು. ಮಸರಕಲ್‌ಗೆ ಹೋಗಿ ಮುದುಕಿಯರ ಜೊತೆ ಕೂತು ಬಂದ ಸಂಜೆಗಳಲ್ಲಿ ಅವರ ಕೋಣೆಯಿಂದ ಕೀಲಿಗಳ ಸದ್ದು ಓಣಿಗೆ ಕೇಳುತ್ತಿತ್ತು.

ಆ ಸದ್ದಿನ ಜೊತೆಗೇ ಇನ್ನೊಂದು ಸದ್ದು ಶುರುವಾಯಿತು. ಡಬ್ಬಿಯೊಳಗಿಂದ ಟಕ್... ಟಕ್... ಎಂದು. ಡಿಸ್ಕು ಸಾಯುತ್ತಿದೆ, ಎಲ್ಲವನ್ನೂ ಬೇಗ ಹೊಸದಕ್ಕೆ ಸಾಗಿಸಬೇಕು ಎಂದೆ. ಸ್ಟೇಷನ್ ಕಡೆಯ ಅಂಗಡಿಯ ರಿಪೇರಿಯವನನ್ನು ಕರೆಸುವುದೆಂದಾಯಿತು. ಡಬ್ಬಿ ಹೊಸ್ತಿಲು ದಾಟುವ ಹಾಗಿಲ್ಲ, ಕೆಲಸ ಕಣ್ಣೆದುರಿಗೇ ಆಗಬೇಕು, ನಾನು ಪಕ್ಕದಲ್ಲಿ ಕೂತಿರಬೇಕು. ಇವು ಅವರ ಕಟ್ಟಳೆಗಳು.

ಅವನು ಬಂದ. ಟಿಕಳಿ ನೋಡಿ ಮುಸಿ ನಕ್ಕ. ‘ಚಿಂತಿ ಮಾಡಬ್ಯಾಡ್ರಿ ಮೇಡಮ್ಮೋರೇ. ಹಳೇದ್ರಾಗ ಹೆಂಗದ, ಹೊಸದ್ರಾಗ ಹಂಗೇ ಬರ್ತದ. ಸಿಸ್ಟಮ್ಮು, ಫೈಲು, ಎಲ್ಲಾ.’

‘ಬರ್ತದೋ, ನಕಲಾಗ್ತದೋ?’

‘ಎರಡೂ ಒಂದೇ ರೀ.’

‘ಒಂದೇ ಹೆಂಗಾಗ್ತದ? ಕುರಿ ಹೊಳಿ ದಾಟಿದ್ರ ಈ ಕಡಿ ದಂಡಿ ಖಾಲಿ ಆಗಬೇಕಲ್ಲ?’

‘ಈ ಕುರಿ ಎರಡೂ ಕಡಿ ಇರ್ತಾವ್ರಿ,’ ಎಂದು ಅವನು ಜೋರಾಗಿ ನಕ್ಕ.

ಟೀಚರಮ್ಮ ನಗಲಿಲ್ಲ. ಅವರ ಮುಖದ ಬಣ್ಣ ಬದಲಾದದ್ದು ನನಗೆ ಕಂಡಿತು. ಸಾಗಿಸುವುದು ಎಂದು ನಾನು ಹೇಳಿದ್ದನ್ನು ಅವರು ಹಾಗೆಯೇ ನಂಬಿದ್ದರು. ಈ ಯಂತ್ರದಲ್ಲಿ ಸಾಗಿಸುವುದೆಂಬುದೇ ಇಲ್ಲ, ನಕಲು ಮಾತ್ರ ಇದೆ ಎಂಬುದು ಅವರಿಗೆ ಆಗಷ್ಟೇ ತಿಳಿದಿತ್ತು.

ಅವನು ಹೊಸ ಡಿಸ್ಕು ಜೋಡಿಸಿ, ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದು ಡಬ್ಬಿಯ ಹಿಂದೆ ಸಿಕ್ಕಿಸಿದ. ನಕಲು ಮಾಡುವ ಪ್ರೋಗ್ರಾಮ್ ಅದರಲ್ಲಿದೆ ಎಂದ. ಪರದೆಯ ಮೇಲೆ ನೀಲಿ ಪಟ್ಟಿ ನಿಧಾನವಾಗಿ ಬೆಳೆಯತೊಡಗಿತು. ಅರ್ಧ ದಾಟಿದಾಗ ಅವನಿಗೆ ಫೋನು ಬಂತು. ಕಟ್ಟೆಗೆ ಹೋಗಿ ಮಾತಾಡಿದ. ನಾನು ಕಿಟಕಿಯ ಹತ್ತಿರವೇ ಇದ್ದೆ. ‘ಹೂಂ, ಆ ಮನಿಯಾಗೇ ಅದೀನಿ... ಆತು, ತರ್ತೀನಿ.’ ನನಗೆ ಕೇಳಿಸಿದ್ದು ಇಷ್ಟು. ಏನು ತರುವುದು, ಯಾರಿಗೆ ತರುವುದು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಟೀಚರಮ್ಮನಿಗೆ ಹೇಳಿದೆ.

ಕೆಲಸ ಮುಗಿದು ಅವನು ಪೆನ್ ಡ್ರೈವ್ ಕೀಳಲು ಕೈ ಚಾಚಿದಾಗ ಅವರು ಆ ಕೈಯ ಮೇಲೆ ತಮ್ಮ ಕೈ ಇಟ್ಟರು.

‘ಅದು ಇಲ್ಲೇ ಇರ್ಲಿ.’

‘ಯಾಕ್ರಿ? ನಾ ಕಳ್ಳ ಏನು?’

‘ನಾ ಹಂಗಂದೆನೇನು? ನೀನೇ ಅಂದಿ.’

ಅವನು ಸಿಡಿಮಿಡಿಗೊಂಡು ಅದನ್ನು ಅಲ್ಲೇ ಬಿಟ್ಟು ಹೋದ. ಅಷ್ಟರೊಳಗೆ ಅವನ ಕೈ ಬೇರೆಲ್ಲಿಗಾದರೂ ಹೋಗಿತ್ತೇ? ನಾನು ಕಣ್ಣು ತೆಗೆಯದೆ ನೋಡುತ್ತಿದ್ದೆ ಎಂದುಕೊಂಡಿದ್ದೆ. ಆದರೆ ನಡುವೆ ಚಹಾ ಬಂದಿತ್ತು, ಕಪ್ಪಿನಿಂದ ಬಸಿಗೆ ಚಹಾ ಹಂಚಿದ್ದೆ...

ಟೀಚರಮ್ಮ ಹೊಸ ಡಿಸ್ಕಿನಲ್ಲಿ ತಮ್ಮ ಫೈಲು ತೆರೆದು ಒಂದೇ ಒಂದು ಪದ ಹುಡುಕಿದರು. ‘ಉಳಬೆಚ್ಚಿ’. ಎದುರಿಗೆ ಅರ್ಥವಿತ್ತು: ಕುರಿ ಎದ್ದು ಹೋದ ಮೇಲೆ ಮಲಗಿದ್ದ ನೆಲದಲ್ಲಿ ಉಳಿಯುವ ಬಿಸುಪು.

‘ಓದಿದೇನು?’ ಎಂದರು, ನನ್ನನ್ನೇ ನೋಡುತ್ತ.

‘ಓದಿದೆ. ಭಾಳ ಚಂದದ ಪದ ಅದ ರೀ.’

‘ಸುಳ್ಳು ಪದ ಅದು. ನಾನೇ ಕಟ್ಟಿದ್ದು. ಯಾರ ಬಾಯಾಗೂ ಇಲ್ಲ.’

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಹಿಂಡು ಹಿಂಡು ಬೆರೆತರೆ ತಮ್ಮ ಕುರಿ ಯಾವುದೆಂದು ತಿಳಿಯಲಿ ಎಂದು ಅವರ ಮನೆಯಲ್ಲಿ ಮರಿಯ ಕಿವಿಯನ್ನು ಒಂದಿಷ್ಟು ಕತ್ತರಿಸಿ ಗುರುತು ಹಾಕುತ್ತಿದ್ದರಂತೆ. ಒಂದೊಂದು ಮನೆತನಕ್ಕೆ ಒಂದೊಂದು ಗುರುತು. ಕಳ್ಳ ಉಣ್ಣೆ ಕತ್ತರಿಸಬಹುದು, ಬಣ್ಣ ಬಳಿಯಬಹುದು, ಹೋದ ಕಿವಿಯನ್ನು ತಂದು ಹಚ್ಚಲಾರ.

‘ಇದು ನನ್ನ ಹಿಂಡಿನ ಕಿವಿಗುರುತು. ಎಲ್ಲೇರ ಯಾರೇರ ಈ ಮಾತು ಆಡಿದ್ದು ಕೇಳಿದೆಂದ್ರ, ಕಳವಾತು ಅಂತ ತಿಳಿ. ನನಗ ಬಂದು ಹೇಳು.’

ಆಮೇಲೆ ಹಳೆಯ ಡಿಸ್ಕನ್ನು ಕಳಚಿಕೊಡಲು ಹೇಳಿದರು. ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದು ಸ್ವಲ್ಪ ಹೊತ್ತು ನಿಂತರು. ‘ನೋಡಿಲ್ಲಿ, ಉಳಬೆಚ್ಚಿ,’ ಎಂದು ನನ್ನ ಕೈಗೆ ಕೊಟ್ಟರು. ಆ ಸಂಜೆ ಅವರು ಮನಸಾರೆ ನಕ್ಕಿದ್ದು ಆಗ ಮಾತ್ರ. ನಂತರ ಹಿತ್ತಲಿನ ಒರಳುಕಲ್ಲಿನ ಮೇಲಿಟ್ಟು, ಗುಂಡುಕಲ್ಲಿನಿಂದ ಡಿಸ್ಕನ್ನೂ ಪೆನ್ ಡ್ರೈವನ್ನೂ ಜಜ್ಜಿ ಹಾಕಿದರು. ಒಳಗಿನ ಕನ್ನಡಿಯಂಥ ಬಿಲ್ಲೆ ಡೊಂಕಾಗುವವರೆಗೂ ಬಿಡಲಿಲ್ಲ. ಇನ್ನೊಂದು ಪ್ರತಿ ಬೇರೆ ಕಡೆ ಇರಲಿ ಎಂದು ನಾನೆಂದೆ.

‘ಎರಡು ಹಟ್ಟಿ ಆದ್ರ ಎರಡು ನಾಯಿ ಬೇಕಲೇ. ನನ್ನ ಹತ್ರ ಇರೋದು ನಾ ಒಬ್ಬಾಕಿ.’

ಮತ್ತೆ ಕೆಲವು ವರ್ಷ ಕೀಲಿಗಳ ಸದ್ದು ಕೇಳಿತು. ಒಂದು ಬೇಸಿಗೆಯಲ್ಲಿ ಎದೆನೋವು ಬಂದು ಆಸ್ಪತ್ರೆಗೆ ಹೋದವರು ಮನೆಗೆ ಮರಳಲಿಲ್ಲ. ಸಾಮಾನುಗಳ ಜೊತೆ ಕಂಪ್ಯೂಟರೂ ಮಸರಕಲ್‌ಗೆ, ತಮ್ಮನ ಮಗನ ಮನೆಗೆ ಹೋಯಿತು. ತಿಂಗಳುಗಳ ನಂತರ, ಫೈಲನ್ನು ಅಚ್ಚು ಹಾಕಿಸೋಣ ಎಂದು ಕೇಳಲು ನಾನು ಅಲ್ಲಿಗೆ ಹೋದೆ. ಕಂಪ್ಯೂಟರನ್ನು ದೇವರ ಗೂಡಿನ ಕೆಳಗೆ ಚೊಕ್ಕಟವಾಗಿ ಇಟ್ಟಿದ್ದರು. ಅರಿಶಿಣ ಹಚ್ಚಿತ್ತು.

‘ಅತ್ತೀದು ಅಂತ ಭಾಳ ಜ್ವಾಕಿಲೆ ಇಟ್ಟೀವ್ರಿ,’ ಎಂದು ಅವನು ಹೆಮ್ಮೆಯಿಂದ ಹೇಳಿದ. ‘ಸ್ವಲ್ಪ ನಿಧಾನ ಆಗಿತ್ತು. ದೇವದುರ್ಗಕ್ಕ ಒಯ್ದು ಪೂರಾ ಸಾಫ್ ಮಾಡಿಸೀವಿ. ಈಗ ಗಾಳಿಯಂಗ ಓಡ್ತದ ನೋಡ್ರಿ.’

ಅವನು ಹಾಕಿ ತೋರಿಸಿದ. ಅದರ ತುಂಬ ಮದುವೆಯ ವಿಡಿಯೊಗಳಿದ್ದವು. ಪದಗಳ ಫೈಲು ಇರಲಿಲ್ಲ. ನಾನು ನೀರು ಕೇಳಿ ಕುಡಿದೆ. ಕ್ಯಾಮೆರಾದ ಮೇಲಿನ ಟಿಕಳಿ ಮಾತ್ರ ಹಾಗೇ ಇತ್ತು.

ರಾಯಚೂರಿಗೆ ಬಂದವನು ಆ ರಿಪೇರಿಯವನನ್ನು ಹುಡುಕಿದೆ. ಅಂಗಡಿ ಎಂದೋ ಮುಚ್ಚಿತ್ತು. ಕೊನೆಗೆ ಒಂದು ಅಕ್ಕಿ ಗಿರಣಿಯ ಮುಂದೆ ಏಣಿ ಹತ್ತಿ ಕಾವಲು ಕ್ಯಾಮೆರಾ ಕೂಡಿಸುತ್ತಿದ್ದವನು ಸಿಕ್ಕ. ಟಿಕಳಿ ಮೇಡಮ್ಮೋರು ಎಂದು ಅವನಿಗೂ ನೆನಪಿತ್ತು. ಅವರ ಫೈಲು ಅವನ ಬಳಿ ಏನಾದರೂ ಉಳಿದಿದೆಯೇ ಎಂದು ಕೇಳಿದೆ.

‘ಹುಡುಕಾಕ ಬಂದೀರೋ, ಹಿಡಿಯಾಕ ಬಂದೀರೋ?’ ಏಣಿಯ ಮೇಲಿಂದಲೇ ಕೇಳಿದ.

‘ಹುಡುಕಾಕ.’ ಅಂದು ಬಂದಿದ್ದ ಫೋನಿನ ವಿಷಯವನ್ನೂ ಕೇಳಿದೆ.

‘ಆಗಿನ ಫೋನು ಈಗ ಯಾರಿಗಿ ನೆನಪಿರ್ತದ್ರಿ? ಮನ್ಯಾಗ ಮೊಸರು ತಾ ಅಂದಿರಬೇಕು.’ ಸ್ಕ್ರೂ ತಿರುಗಿಸುತ್ತಿದ್ದವನು ಒಂದು ಕ್ಷಣ ಕೈ ನಿಲ್ಲಿಸಿದ. ‘ನನ್ಹತ್ರ ಏನೂ ಇಲ್ರಿ ಸರ್.’

ಆ ಕೈ ಯಾಕೆ ನಿಂತಿತು? ಅವನು ಹೇಳಿದ್ದು ಸುಳ್ಳಾಗಿರಲಿ ಎಂದು ಮನಸ್ಸು ಬೇಡಿಕೊಂಡಿತು. ಅಂದು ಚಹಾ ಹಂಚುವ ಗಡಿಬಿಡಿಯಲ್ಲಿ ಅವನು ನಿಜವಾಗಿಯೂ ಕದ್ದಿರಲಿ, ಯಾರಿಗೋ ಒಯ್ದು ಕೊಟ್ಟಿರಲಿ, ಪಡೆದವರು ತಮ್ಮ ಹೆಸರಿನಲ್ಲೇ ಅಚ್ಚು ಹಾಕಿಸಲಿ...

ಟೀಚರಮ್ಮನ ಅಷ್ಟು ದೊಡ್ಡ ಹಿಂಡಿನಲ್ಲಿ ನನ್ನ ಬಳಿ ಉಳಿದಿರುವುದು ಒಂದೇ ಪದ, ಅದೂ ಅವರು ಕಟ್ಟಿದ ಸುಳ್ಳು ಪದ. ಮಾನ್ವಿಯ ಬಸ್ಸಿನಲ್ಲಿ, ದೇವದುರ್ಗದ ಸಂತೆಯಲ್ಲಿ, ಸ್ಟೇಷನ್ನಿನ ಪುಸ್ತಕದ ಅಂಗಡಿಯ ಮುಂದೆ ನಾನು ಈಗಲೂ ಅದಕ್ಕಾಗಿ ಕಿವಿಗೊಟ್ಟು ನಿಲ್ಲುತ್ತೇನೆ. ಕೇಳಿಸಿದರೆ ಬಂದು ಹೇಳು ಎಂದಿದ್ದವರ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಪದ ಮಾತ್ರ ಇದುವರೆಗೆ ಎಲ್ಲೂ ಕೇಳಿಸಿಲ್ಲ.

ಕಳೆದ ವಾರ ಕೈಯಲ್ಲಿದ್ದ ಡಿಸ್ಕು ತಣ್ಣಗಾಗುವ ಮೊದಲು ಆ ಪದವನ್ನು ನಾನೇ ಒಮ್ಮೆ ಗಟ್ಟಿಯಾಗಿ ಹೇಳಿದೆ. ಒಳಗಿನಿಂದ ಹೆಂಡತಿ, ‘ಏನಂದ್ರಿ?’ ಎಂದಳು.